ಬುಂದಿಯ ಪಂಚನಾಮೆ

ನಿದ್ದೆಯಲ್ಲಿ ಬೆಕ್ಕಿನ ಬೆನ್ನು ಹತ್ತಿದ ನಾಯಿಯೂ ಹಾಗೇ ಅಲ್ಲವೇ ಕಾಲು ಒದೆಯುವುದು? ಅಥವಾ ಅದು ಆಗಲೇ ಶುರುವಾಗಿತ್ತೇ? ಬರೀ ಕನಸಾಗಿದ್ದರೆ ಬಾಯಿಂದ ಅಷ್ಟು ಜೊಲ್ಲು ಏಕೆ ಬಂತು? ಆದರೆ ಬುಂದಿ ಎಚ್ಚರವಿದ್ದಾಗಲೂ ಜೊಲ್ಲು ಸುರಿಸುತ್ತಾಳಲ್ಲ, ರೊಟ್ಟಿ ಕಂಡರೆ ಸಾಕು. ಹಾಗಾದರೆ ಗಣಪತಿ ಹಬ್ಬದ ಆ ಮಧ್ಯಾಹ್ನ ತಾನು ಕಂಡದ್ದು ರೋಗವೋ, ರೊಟ್ಟಿಯ ಕನಸೋ?

ಗೌರೀಶ ಬೆಳಗಿನ ಆರರಿಂದ ಕಟ್ಟೆಯ ಮೇಲೆ ಕೂತು ಇದೊಂದನ್ನೇ ಅರೆಯುತ್ತಿದ್ದ. ಅವನು ಮುನವಳ್ಳಿಯ ಕಾಲೇಜೊಂದರಲ್ಲಿ ಗ್ರಂಥಪಾಲ. ‘ಮಾತನಾಡಬಾರದು’ ಎಂಬ ಫಲಕದ ಕೆಳಗೆ ಹನ್ನೆರಡು ವರ್ಷ ಕೂತ ಮೇಲೆ ಆ ಅಪ್ಪಣೆ ಹುಡುಗರಿಗಿಂತ ಅವನಿಗೇ ಹೆಚ್ಚು ಅಂಟಿಕೊಂಡಿತ್ತು. ನಾಯಿಗೆ ವಿಮೆ ಬಂದದ್ದೂ ಹಾಗೆಯೇ. ದಸರೆಯ ಹಿಂದಿನ ವಾರ ಫೋನಿನಲ್ಲಿ ಒಬ್ಬ ಹುಡುಗಿ ಇಪ್ಪತ್ತು ನಿಮಿಷ ಉಸಿರು ತೆಗೆದುಕೊಳ್ಳದೆ ಮಾತಾಡಿದಳು. ‘ಬೇಡ’ ಎನ್ನಲು ಅವನಿಗೆ ಸಂದೇ ಸಿಗಲಿಲ್ಲ. ದಸರೆಗೆ ಪಾಲಿಸಿ ಬಂತು. ದೀಪಾವಳಿಗೆ ಬುಂದಿಗೆ ಫಿಟ್ಸ್ ಬಂತು.

ಬುಂದಿ ಐದು ವರ್ಷದ ಲ್ಯಾಬ್ರಡಾರ್. ವರ್ಗವಾಗಿ ಹೋದ ಬ್ಯಾಂಕ್ ಮ್ಯಾನೇಜರರು ಬಿಟ್ಟುಹೋದದ್ದು. ಮೈಬಣ್ಣ ಬುಂದಿ ಲಾಡುವಿನದು, ಆಕಾರವೂ ಹೆಚ್ಚುಕಡಿಮೆ ಅದರದೇ. ಬೆಳಗಾವಿಯ ಡಾಕ್ಟರರು ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಎಂಟಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ಬದುಕಿರುವವರೆಗೂ ಕೊಡಬೇಕು, ಒಂದು ಹೊತ್ತೂ ತಪ್ಪಬಾರದು. ಇಂಥ ಔಷಧಿಯ ಖರ್ಚು ಕೊಡುತ್ತೇವೆಂದು ಪಾಲಿಸಿಯಲ್ಲಿ ಬರೆದಿತ್ತು. ಗೌರೀಶ ಮೂರು ತಿಂಗಳ ಬಿಲ್ಲು ಕಳಿಸಿದ. ಪಾಲಿಸಿಗೆ ಮೊದಲು ನಾಯಿ ಆರೋಗ್ಯವಾಗಿತ್ತೆಂದು ಖಾತ್ರಿ ಮಾಡಿಕೊಳ್ಳಬೇಕು, ನಮ್ಮ ಅಧಿಕಾರಿ ಬರುತ್ತಾರೆ, ನೆರೆಯ ಇಬ್ಬರ ಹೇಳಿಕೆ ಸಿದ್ಧವಿರಲಿ ಎಂದು ಕಂಪನಿ ಉತ್ತರ ಬರೆಯಿತು. ಆ ಅಧಿಕಾರಿ ಬರುವ ದಿನವೇ ಇವತ್ತು.

ಹೆಂಡತಿ ಮಹಾನಂದಾ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತಳು. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯಲ್ಲೂ ಬೆರಳೆತ್ತಿಯೇ ಮಾತಾಡುತ್ತಿದ್ದಳು.

“ರೀ, ಇವತ್ತ ಏನಾರ ಒಂದ ತೀರ್ಮಾನ ಆಗಬೇಕ ನೋಡ್ರಿ. ಕಂಪನಿ ರೊಕ್ಕಾ ಕೊಟ್ರ ನಾಯಿ ಇಲ್ಲೇ ಇರಲಿ. ಕೊಡಲಿಲ್ಲಂದ್ರ ಸಂಜಿಗೆ ಮಾಂತೇಶ ಗಾಡಿ ತರ್ತಾನ. ರಾಮದುರ್ಗದ ತ್ವಾಟದಾಗ ಆರಾಮ ಇರತೈತಿ.”

“ಗುಳಿಗಿ...?” ಎಂದ ಗೌರೀಶ.

“ಅವನ ಕೊಡತಾನ.”

ಮಾಂತೇಶ ಅವಳ ತಮ್ಮ. ಒಳ್ಳೆಯವನೇ. ಆದರೆ ತನ್ನ ಸ್ವಂತ ಬಿಪಿ ಗುಳಿಗೆಯನ್ನೇ ಮರೆತು ಎರಡು ಸಲ ದವಾಖಾನೆ ಸೇರಿದವನು. ಅವನ ತೋಟದಲ್ಲಿ ಬುಂದಿಗೆ ಎಂಟು ಗಂಟೆ ಎಂಬುದು ಎಂದೂ ಆಗುವುದಿಲ್ಲ ಎಂದು ಗೌರೀಶನಿಗೆ ಗೊತ್ತಿತ್ತು. ಇದನ್ನು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಮಹಾನಂದಾಳ ಸ್ಕೂಟಿ ಓಣಿಯ ತಿರುವು ದಾಟಿತ್ತು.

ಚಹಾದ ವಾಸನೆ ಹಿಡಿದವರಂತೆ ಎದುರುಮನೆಯ ಬಸವಣ್ಣೆಪ್ಪ ಕಾಕಾ ಬಂದರು. ಅರವತ್ತೈದರ ರೈತ. ಓಣಿಯಲ್ಲಿ ಹನ್ನೊಂದು ಎಮ್ಮೆಗಳ ಪಂಚನಾಮೆಗೆ ಸಹಿ ಹಾಕಿದ ಅನುಭವಸ್ಥ. ವಿಮೆಯಿದ್ದ ಎಮ್ಮೆ ಸತ್ತರೆ ದನದ ಡಾಕ್ಟರಿಗಿಂತ ಮೊದಲು ಅವರು ಹಾಜರಾಗುತ್ತಿದ್ದರು.

“ಸಾಹೇಬ ಎಷ್ಟಕ್ಕ ಬರ್ತಾನೋ?”

“ಹನ್ನೊಂದಕ್ಕ ರೀ ಕಾಕಾ.”

“ಪಂಚರು?”

“ಇಬ್ಬರು ಸಾಕಂತ ರೀ.”

“ಇಬ್ಬರು ಮದಿವಿಗೆ ಸಾಕು, ವಿಮಾಕ್ಕ ಸಾಲಂಗಿಲ್ಲ. ಮೂರು ಮಂದಿನ್ನ ನಾ ತರತೇನಿ. ನೀ ಸುಮ್ನ ಕುಂದರು.” ಕಾಕಾ ಬಸಿಯಲ್ಲಿ ಚಹಾ ಸುರಿದುಕೊಂಡರು. “ವಿಮಾ ಅಂದ್ರ ಏನ ತಿಳದಿ? ಜನಾವಾರ ಜಡ್ಡಿಗೆ ಬೀಳೂಕಿಂತ ಮದ್ಲ ಎಷ್ಟ ಚಲೋ ಇತ್ತು ಅಂತ ಸಾಹೇಬಗ ಗಟ್ಟಿಸಿ ಹೇಳೂದು. ಭೀಮಶಿ ಎಮ್ಮಿ ಖರೇ ಎಷ್ಟ ಹಾಲ ಕೊಡತಿತ್ತು? ಮೂರ ಲೀಟರ. ನಾ ಎಷ್ಟ ಬರಸಿದೆ? ಹನ್ನೊಂದ! ಯಾವನರ ಯಾಕ ಅಂದನ?”

ಗೌರೀಶ ಕೇಳಿದ: “ಆದ್ರ ಕಾಕಾ, ನಾಯಿ ಹಾಲ ಕೊಡಂಗಿಲ್ಲಲ್ರಿ?”

ಕಾಕಾನ ಬಸಿ ಬಾಯಿಯ ಹತ್ತಿರವೇ ನಿಂತಿತು. ಅವರು ಬುಂದಿಯನ್ನು ನೋಡಿದರು. ಬುಂದಿ ಬಿಸಿಲಿಗೆ ಹೊಟ್ಟೆ ಕೊಟ್ಟು, ನಾಲ್ಕೂ ಕಾಲು ಮೇಲಕ್ಕೆತ್ತಿ, ತಿರುವಿ ಹಾಕಿದ ಸ್ಟೂಲಿನಂತೆ ಬಿದ್ದಿದ್ದಳು.

“ಅದನ್ನ ನನಗ ಬಿಡು,” ಎಂದರು ಕಾಕಾ.

ಹತ್ತೂವರೆಗೆ ಅವರು ತಮ್ಮ ಪಂಚರೊಂದಿಗೆ ಮರಳಿದರು. ಒಬ್ಬಳು ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದು ಮಾರುವ ಸೋಮವ್ವ. ಇನ್ನೊಬ್ಬ ಪಂಚರ್ ಅಂಗಡಿಯ ಭೀಮಶಿ. ಕಾಕಾ ಹನ್ನೊಂದು ಲೀಟರು ಬರೆಸಿದ ದಿನದಿಂದ ಅವರು ಹೇಳಿದಲ್ಲಿ ಸಹಿ ಹಾಕುವ ಋಣಕ್ಕೆ ಬಿದ್ದವನು. ಮೂರನೆಯವರು ಸ್ವತಃ ಕಾಕಾ. ಕಾಕಾನ ಕೈಯಲ್ಲೊಂದು ಹಳದಿ ಪ್ಲಾಸ್ಟಿಕ್ ಬಿಲ್ಲೆ ಇತ್ತು. ದನಗಳ ಕಿವಿಗೆ ಚುಚ್ಚುವಂಥದು.

“ಕಿವಿಯಾಗ ಬಿಲ್ಲಿ ಇಲ್ಲದ ಜನಾವಾರಕ್ಕ ಯಾವ ಕಂಪನಿ ರೊಕ್ಕಾ ಕೊಡತೈತಿ? ನಮ್ಮ ಮನ್ಯಾಗ ಗೂಟಕ್ಕ ಜೋತು ಬಿದ್ದಿತ್ತು, ತಂದೆ,” ಎನ್ನುತ್ತ ಅದನ್ನು ದಾರದಿಂದ ಬುಂದಿಯ ಕಿವಿಗೆ ಕಟ್ಟಿದರು. ಬೇಡವೆನ್ನಲು ಗೌರೀಶ ಬಾಯಿ ತೆರೆದ. ಅಷ್ಟರಲ್ಲಿ ಗೇಟಿನ ಹೊರಗೆ ಬೈಕು ನಿಂತಿತು.

ಅಧಿಕಾರಿಯ ಹೆಸರು ಭಾರ್ಗವ. ಮೂವತ್ತು ದಾಟದ, ಇಸ್ತ್ರಿಯ ಗೆರೆ ಮುರಿಯದ ತರುಣ. ಬುಂದಿ ಎದ್ದು ಹೋಗಿ ಅವನ ಕೈ ನೆಕ್ಕಿ, ಒಂದು ಚಪ್ಪಲಿ ಕಚ್ಚಿ ತಂದು ಕಾಲ ಹತ್ತಿರ ಇಟ್ಟಳು. ಬಂದವರಿಗೆಲ್ಲ ಅವಳು ಮಾಡುವ ಮರ್ಯಾದೆ ಅದು.

“ಛಲೋ ನಾಯಿ ಅದರೀ,” ಎಂದ ಭಾರ್ಗವ. ಆಮೇಲೆ ಬಗ್ಗಿ ನೋಡಿದ. “ಇದೇನ್ರಿ ಕಿವಿಯೊಳಗ?”

“ಸರಕಾರಿ ನಂಬರ ರೀ ಸಾಹೇಬ್ರ,” ಎಂದರು ಕಾಕಾ ಎದೆಯುಬ್ಬಿಸಿ.

ಭಾರ್ಗವ ಆ ಸಂಖ್ಯೆಯನ್ನು ಫೋನಿನಲ್ಲಿ ಹಾಕಿದ. ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

“ಇದರ ಪ್ರಕಾರ ಇದು ಎಮ್ಮಿ ಅದ,” ಎಂದ ನಿಧಾನವಾಗಿ, “ಮತ್ತ ಸತ್ತು ಎರಡು ವರ್ಷ ಆಗ್ಯದ.”

ಎಲ್ಲರೂ ಬುಂದಿಯ ಕಡೆಗೆ ತಿರುಗಿದರು. ಬುಂದಿ ಬಾಲ ಅಲ್ಲಾಡಿಸಿದಳು.

“ಎಮ್ಮಿ ಅಲ್ರಿ ಸಾಹೇಬ್ರ,” ಸೋಮವ್ವ ಧೈರ್ಯ ತಂದುಕೊಂಡಳು. “ನಾಯಿನ ಐತಿ. ನಾ ದಿನಾ ನೋಡತೇನ್ರಿ.”

ಭಾರ್ಗವ ದಾರ ಬಿಚ್ಚಿ ಬಿಲ್ಲೆಯನ್ನು ಮೇಜಿನ ಮೇಲಿಟ್ಟ. ಸಿಟ್ಟಾದನೇ, ನಕ್ಕನೇ ಎಂದು ಗೌರೀಶನಿಗೆ ತಿಳಿಯಲಿಲ್ಲ. ಇನ್ನು ಉಳಿದಿರುವುದು ನಿಜ ಒಂದೇ ಎಂದುಕೊಂಡ. ಗಣಪತಿ ಹಬ್ಬದ ಆ ಮಧ್ಯಾಹ್ನ ಕಂಡದ್ದನ್ನು ಕಂಡ ಹಾಗೆ ಹೇಳಿಬಿಡುವುದು. ರೋಗವೋ ಕನಸೋ ಅವರೇ ತೀರ್ಮಾನಿಸಲಿ.

“ಹೋಗ್ಲಿ ಬಿಡ್ರಿ,” ಭಾರ್ಗವ ಕಾಗದ ಹರವಿದ. “ದಸರಾಕ್ಕಿಂತ ಮೊದಲು ಈ ನಾಯಿ ಹ್ಯಾಂಗಿತ್ತು? ಆರೋಗ್ಯ, ಓಡಾಟ?”

“ಗಣಪತಿ ಹಬ್ಬದಾಗ...” ಎಂದ ಗೌರೀಶ, “ಒಂದ ಮಧ್ಯಾಹ್ನ...”

“ಹಾಂ! ಅವನ ಬಾಯಿಂದನ ಬಂತ ನೋಡ್ರಿ!” ಕಾಕಾ ಕುರ್ಚಿಯಿಂದ ಅರ್ಧ ಎದ್ದರು. “ಗಣಪತಿ ಹಬ್ಬದ ಮಧ್ಯಾಹ್ನ! ಏನ ಆರೋಗ್ಯ, ಏನ ಕಸುವು! ಆ ಗೇಟ ಜಿಗದು ಬಂದು ನನ್ನ ಮೀನಖಂಡಕ್ಕ ಬಾಯಿ ಹಾಕಿತ್ರಿ!”

ಧೋತರ ಮೇಲೆತ್ತಿ ತೋರಿಸಿದರು. ಗಾಯದ ಗುರುತೇನೋ ಇತ್ತು. ಅದು ಹೊಲದಲ್ಲಿ ಅವರ ಕಾಲಿಗೆ ಕುಂಟೆ ತಾಗಿ ಆದದ್ದು. ಗೌರೀಶನೇ ಅವರನ್ನು ದವಾಖಾನೆಗೆ ಒಯ್ದಿದ್ದ.

ಗೌರೀಶನಿಗೆ ಆಗ ಹೊಳೆಯಿತು: ಎಮ್ಮೆಗೆ ಹಾಲು ಹೇಗೋ, ಕಾಕಾನ ಲೆಕ್ಕದಲ್ಲಿ ನಾಯಿಗೆ ಕಚ್ಚುವುದು ಹಾಗೆ. ಎಷ್ಟು ಹೆಚ್ಚು ಬರೆಸಿದರೆ ಅಷ್ಟು ಒಳ್ಳೆಯ ಜಾನುವಾರು.

“ಕಡೀತು?” ಭಾರ್ಗವನ ಪೆನ್ನು ನಿಂತಿತು.

“ಅಯ್ಯ, ಕಾಕಾಗ ಒಬ್ಬರಿಗೇನ್ರಿ!” ಸೋಮವ್ವ ಹಿಂದೆ ಬೀಳಲಿಲ್ಲ. ರೊಟ್ಟಿಯ ಹಂಚು ತಾಗಿ ಸುಟ್ಟ ಮೊಣಕೈ ಮುಂದೆ ಚಾಚಿದಳು. “ಇಲ್ಲಿ ನೋಡ್ರಿ. ನಾಕ ಹಲ್ಲ. ಏನ ಹಲ್ಲ ಅಂತೀರಿ, ಹುಲೀದ! ಜಡ್ಡಿನ ನಾಯಿ ಹಿಂಗ ಕಡೀತೈತೇನ್ರಿ?”

ಕಾಕಾ ಭೀಮಶಿಯ ಕಡೆ ನೋಡಿದರು. ಹನ್ನೊಂದು ಲೀಟರಿನ ನೋಟ ಅದು. ಭೀಮಶಿ ಮೈಯೆಲ್ಲ ಹುಡುಕಿಕೊಂಡ. ತೋರಿಸುವಂಥ ಒಂದು ತರಚು ಗಾಯವೂ ಇರಲಿಲ್ಲ.

“ನನಗ... ಕುಂಡಿಗೆ ಕಡದೈತ್ರಿ,” ಎಂದ. “ತೋರಸಾಕ ಬರಾಂಗಿಲ್ಲ. ಹೆಣ್ಮಕ್ಕಳ ಅದಾರು.”

ಅಷ್ಟು ಹೊತ್ತಿಗೆ ಆ ಹುಲಿ ಭಾರ್ಗವನ ಬೂಟಿನ ಮೇಲೆ ಗದ್ದ ಇಟ್ಟು ನಿದ್ದೆ ಹೋಗಿತ್ತು.

ಭಾರ್ಗವ ಮೂವರ ಹೇಳಿಕೆ ಬರೆದು ಸಹಿ ಮಾಡಿಸಿಕೊಂಡ. ಆಮೇಲೆ ಗೌರೀಶನತ್ತ ತಿರುಗಿದ. “ಇವರು ಹೇಳಿದ್ದು ಖರೇನೇನ್ರಿ ಸರ?”

ಗೌರೀಶನ ತಲೆಯೊಳಗೆ ಪುಸ್ತಕಗಳ ಕಪಾಟೊಂದು ಮಗುಚಿ ಬಿದ್ದಂತಾಯಿತು. ಸುಳ್ಳು ಎಂದರೆ ಕಾಕಾ ಸುಳ್ಳುಗಾರ, ಸೋಮವ್ವ ಸುಳ್ಳಿ. ದಿನಾ ಒಂದು ರೊಟ್ಟಿ ಬುಂದಿಗೆಂದೇ ತೆಗೆದಿಡುವ ಹೆಂಗಸು. ಅಲ್ಲದೆ ಇವರು ಸುಳ್ಳೆಂದಾದರೆ ನಾಯಿ ಆರೋಗ್ಯವಾಗಿತ್ತು ಎಂಬ ಮಾತೂ ಸುಳ್ಳಾಗುತ್ತದೆ. ನಿಜ ಎಂದರೆ ಬುಂದಿ ಕಚ್ಚುವ ನಾಯಿ. ಕಚ್ಚಿದರೇನಂತೆ? ಕಂಪನಿ ಕೇಳುತ್ತಿರುವುದು ಆರೋಗ್ಯವನ್ನಲ್ಲವೇ? ಅಥವಾ ಬೇರೆ ಏನನ್ನಾದರೂ ಕೇಳುತ್ತಿದೆಯೇ?

“ಹಿರ್ಯಾರು ಅದಾರ್ರಿ,” ಎಂದ ಕೊನೆಗೆ.

ಭಾರ್ಗವ ಅದನ್ನು ಒಪ್ಪಿಗೆ ಎಂದು ಬರೆದುಕೊಂಡ.

“ಪಾಲಿಸಿಗಿಂತ ಮೊದಲು ನಾಯಿ ಗಟ್ಟಿಮುಟ್ಟ ಇತ್ತು ಅನ್ನೋದು ಪೂರ್ತಿ ಸಾಬೀತಾತು. ಆ ವಿಷಯದಾಗ ಕಂಪನಿದು ಏನೂ ತಕರಾರಿಲ್ಲ,” ಎಂದ. ಕಾಕಾ ಮೀಸೆಯ ಮೇಲೆ ಕೈಯಾಡಿಸಿದರು. ಭಾರ್ಗವ ಇನ್ನೊಂದು ಕಾಗದ ತೆಗೆದ. “ಆದರ ಪಾಲಿಸಿ ತಗೋಳ್ಳೋ ಮುಂದ ನೀವು ತುಂಬಿದ ಅರ್ಜಿ ಇದು. ಏಳನೇ ಪ್ರಶ್ನೆ ಓದ್ತೀನಿ, ಕೇಳ್ರಿ. ‘ಈ ನಾಯಿ ಹಿಂದೆ ಯಾರನ್ನಾದರೂ ಕಚ್ಚಿದೆಯೇ?’ ನೀವು ‘ಇಲ್ಲ’ ಅಂತ ಬರದೀರಿ. ಹಬ್ಬದಾಗ ಮೂರು ಮಂದಿಗೆ ಕಡದದ. ವಿಷಯ ಮುಚ್ಚಿಟ್ಟರ ಪಾಲಿಸಿನೇ ರದ್ದು ಸರ. ಕ್ಲೇಮು ಬರೂದಿಲ್ಲ.”

ಭಾರ್ಗವ ಬೂಟನ್ನು ನಾಯಿಯ ಗದ್ದದ ಕೆಳಗಿಂದ ಮೆಲ್ಲಗೆ ಎಳೆದುಕೊಂಡು ಎದ್ದ. ಬೈಕು ಹತ್ತುವಾಗ ತಿರುಗಿ ಕೇಳಿದ: “ನೀವು ಮೂರೂ ಮಂದಿ ಇಂಜೆಕ್ಷನ್ ಮಾಡಿಸ್ಕೊಂಡೀರಿಲ್ಲೋ?”

“ಇಲ್ರಿ,” ಎಂದ ಭೀಮಶಿ. ಆ ದಿನ ಅವನಾಡಿದ ಒಂದೇ ನಿಜ ಅದು.

ಬೈಕಿನ ಸದ್ದು ಅಡಗಿದ ಮೇಲೆ ಕಾಕಾ ಬಿಲ್ಲೆಯನ್ನು ಕಿಸೆಗೆ ಹಾಕಿಕೊಂಡರು. “ನೋಡಪಾ, ಎಮ್ಮಿ ವಿಮಾದಾಗ ಇಂಥಾ ಅಡ್ಡ ಪ್ರಶ್ನಿ ಇರಂಗಿಲ್ಲ,” ಎಂದು ನಾಯಿ ಸಾಕಿದವನದೇ ತಪ್ಪೆಂಬ ದನಿಯಲ್ಲಿ ಹೇಳಿ ಹೊರಟರು.

ಮಧ್ಯಾಹ್ನ ಮೂರಕ್ಕೆ ಆಶಾ ಕಾರ್ಯಕರ್ತೆ ಲಗಮವ್ವ ವಹಿ ಹಿಡಿದು ಓಣಿಗೆ ಬಂದಳು. ಭಾರ್ಗವ ಹೋಗುವ ದಾರಿಯಲ್ಲೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿದ್ದ. “ನಾಯಿ ಕಡದವರು ಯಾರ್ಯಾರ ಬೇ? ಹಬ್ಬ ಆಗಿ ಎಷ್ಟ ತಿಂಗಳಾಗಿದ್ರೂ ನಡೀತೈತಿ, ಬರ್ರಿ!” ಎಂಬ ಕೂಗು ಕೇಳುತ್ತಲೇ ಸೋಮವ್ವ ಒಳಗಿನಿಂದ ಅಗಳಿ ಹಾಕಿಕೊಂಡಳು. ಕಾಕಾಗೆ ಸವದತ್ತಿಯಲ್ಲಿ ತುರ್ತು ಕೆಲಸ ನೆನಪಾಯಿತು. ಅಂಗಡಿಯಲ್ಲಿ ಟ್ಯೂಬು ನೀರಿಗೆ ಅದ್ದುತ್ತಿದ್ದ ಭೀಮಶಿ ಸಿಕ್ಕಿಬಿದ್ದ. ಕಚ್ಚಿಲ್ಲ ಎಂದರೆ ಮಾಡಿದ ಸಹಿ ಸುಳ್ಳಾಗುತ್ತದೆ. ಅವನು ಅವಳ ಹಿಂದೆ ಆಸ್ಪತ್ರೆಗೆ ಹೋಗಿ ತೋಳು ಚಾಚಿದ. ಇನ್ನೂ ಮೂರು ಸಲ ಬರಬೇಕೆಂದು ಅವನಿಗೊಂದು ಚೀಟಿ ಕೊಟ್ಟರು.

ಆಸ್ಪತ್ರೆಯ ಪಾಳಿಯಲ್ಲಿ ಊರೂರಿನವರು ಕೂತಿದ್ದರು. ಭೀಮಶಿಗೆ ಎಲ್ಲಿ ಕಚ್ಚಿದೆ ಎಂಬುದು ಅವರಿಗೆಲ್ಲ ಬಹಳ ಇಷ್ಟವಾಯಿತು. ನಾಲ್ಕೂವರೆಗೆ ಹಾಲಿನವನು ಗೇಟಿನ ಹೊರಗೇ ಪಾಕೀಟು ಎಸೆದು ಹೋದ. ಐದಕ್ಕೆ ಊರವರ ಬಾಯಲ್ಲಿ ಕಚ್ಚಿಸಿಕೊಂಡವರು ಒಂಬತ್ತು ಮಂದಿಯಾಗಿದ್ದರು. ಬುಂದಿ ಗೇಟಿನ ಸಂದಿಯಲ್ಲಿ ಮೂಗಿಟ್ಟು, ಇವತ್ತು ಯಾರೂ ಏಕೆ ಒಳಗೆ ಬರುತ್ತಿಲ್ಲ ಎಂದು ಕಾಯುತ್ತಿದ್ದಳು.

ಮಹಾನಂದಾ ಬಂದು ಎಲ್ಲವನ್ನೂ ಕೇಳಿ ಹಣೆ ಹಿಡಿದುಕೊಂಡಳು. “ಆತ ಬಿಡ್ರಿ. ಮಾಂತೇಶ ಗಾಡಿ ತಗೊಂಡ ಹೊಂಟಿರಬೇಕು. ಅದರ ಬಟ್ಟಲಾ, ಹಾಸಿಗಿ ಕಟ್ಟಿ ಇಡ್ರಿ.”

ಗೌರೀಶ ಬಟ್ಟಲು ತೊಳೆದ. ಗುಳಿಗೆಯ ಹಾಳೆಯಲ್ಲಿ ಆರು ಉಳಿದಿದ್ದವು. ಒಂದು ಚೀಟಿಯಲ್ಲಿ ‘ಬೆಳಿಗ್ಗೆ ೮, ಸಂಜೆ ೮’ ಎಂದು ದೊಡ್ಡದಾಗಿ ಬರೆದ. ಅದರ ಕೆಳಗೆ ಇನ್ನೇನಾದರೂ ಬರೆಯಬೇಕೆನಿಸಿತು. ತೋಚಲಿಲ್ಲ.

ಏಳಕ್ಕೆ ಫೋನು ಬಂತು. ಮಹಾನಂದಾ ಸ್ಪೀಕರಿಗೆ ಹಾಕಿದಳು.

“ಅಕ್ಕಾ, ನಾ ಬರಾಂಗಿಲ್ಲವಾ,” ಎಂದಿತು ಮಾಂತೇಶನ ಧ್ವನಿ. “ಒಂಬತ್ತ ಮಂದಿಗೆ ಕಡದ ನಾಯಿನ್ನ ನನ್ನ ತ್ವಾಟಕ್ಕ ಕಳಸಾಕ ಹತ್ತಿಯಲ್ಲ, ನಾ ಏನ ಮಾಡೇನಿ ನಿನಗ? ಕಬ್ಬ ಕಡಿಯಾಕ ಒಂದ ಆಳ ಬರಂಗಿಲ್ಲ ನನಗ!”

“ಯಾರ ಹೇಳಿದ್ರೋ ಹುಚ್ಚಾ? ಅದು ಇಲಿ ಬಂದ್ರ ಎದ್ದ ಜಾಗಾ ಬಿಟ್ಟು ಕೊಡತೈತಿ!”

“ನೀ ಸಾಗಹಾಕಬೇಕಂತ ಹೇಳ್ತಿ ಬಿಡು. ಮೂರು ಮಂದಿ ಸಹಿ ಮಾಡ್ಯಾರಂತ. ಒಬ್ಬಾಂವ ಸೂಜಿ ಮಾಡಿಸ್ಕೊಂಡಾನಂತ. ಸುಳ್ಳಿಗೆ ಯಾವನರ ಸೂಜಿ ಮಾಡಿಸ್ಕೊಂತಾನನ? ಮಾವಾರಿಗೆ ಕೊಡ, ಅವರರ ಖರೇ ಹೇಳ್ತಾರು.”

ಮಹಾನಂದಾ ಫೋನನ್ನು ಗಂಡನ ಕೈಯಲ್ಲಿಟ್ಟಳು. “ಹೇಳ್ರಿ ಅವಗ. ಗಟ್ಟಿ ಹೇಳ್ರಿ.”

“ಮಾವಾರ,” ಎಂದ ಮಾಂತೇಶ, “ನೀವು ಸುಳ್ಳ ಹೇಳೂ ಪೈಕಿ ಅಲ್ಲ. ಆ ನಾಯಿ ಕಡೀತೈತೋ, ಇಲ್ಲೋ?”

ಗೌರೀಶ ಫೋನು ಹಿಡಿದುಕೊಂಡು ನಿಂತ. ವಿಮೆ ಹೋಗಿತ್ತು. ಭಾನುವಾರ ಬೆಳಗಾವಿ ಬಸ್ಸು ಹಿಡಿದು ಗುಳಿಗೆಗಳನ್ನು ತನ್ನ ಕಿಸೆಯಿಂದಲೇ ತರಬೇಕು, ಅದರ ಮುಂದಿನ ತಿಂಗಳೂ, ಅದರ ಮುಂದಿನದೂ. ಬುಂದಿ ಬಂದು ಅವನ ಪಾದಗಳ ಮೇಲೆ ಮೈಯೆಲ್ಲ ಚೆಲ್ಲಿ ಮಲಗಿದಳು.

“ಹಲೋ? ಮಾವಾರ? ಹಲೋ?”

ಬುಂದಿ ಈವರೆಗೆ ಒಬ್ಬರನ್ನೂ ಕಚ್ಚಿಲ್ಲ ಎಂದು ಗೌರೀಶ ಹೇಳಲಿಲ್ಲ.