ಬಿಸಿಲಿಗೆ ಹಾಕಿದ ಸಿಡಿಗಳು

ಆ ಪ್ರಿಂಟರಿಗೆ ನಾನು ಕೊಟ್ಟದ್ದು ಎರಡು ಸಾವಿರದ ಎಂಟುನೂರು. ಅಂಗಡಿಯವನು ಹೇಳಿದ್ದು ಐದು ಸಾವಿರ. ನಡುವಿನ ವ್ಯತ್ಯಾಸ ನನ್ನ ಚಪ್ಪಲಿಯ ಕರಾಮತ್ತು. ಚೌಕಾಸಿ ಮಾಡುವವರು ಸಾಮಾನ್ಯವಾಗಿ ತಮ್ಮ ಬಾಯನ್ನು ನಂಬುತ್ತಾರೆ. ಅದು ತಪ್ಪು. ಬೆಲೆ ಇಳಿಯುವುದು ಬಾಯಿಂದಲ್ಲ, ಕಾಲಿಂದ. ಅವರು ಕೊಟ್ಟ ಚಹಾ ಕುಡಿದು, ‘ಇರ್ಲಿ ಬಿಡ್ರಿ’ ಎಂದು ಎದ್ದು, ಹೊಸ್ತಿಲಾಚೆ ನಿಂತು ಒಂದು ಚಪ್ಪಲಿ ಮೆಟ್ಟಬೇಕು. ಆಗ ಅಂಗಡಿಯವನು ಸ್ವಲ್ಪ ಇಳಿಯುತ್ತಾನೆ. ಅವಸರ ಮಾಡಬಾರದು. ಎರಡನೆಯ ಚಪ್ಪಲಿ ಸಿಗದವರಂತೆ ಕಾಲಿನಲ್ಲೇ ತಡಕಾಡುತ್ತಿರಬೇಕು. ಅದು ಸಿಗುವಷ್ಟರಲ್ಲಿ ನಿಜವಾದ ಬೆಲೆ ಹೊರಗೆ ಬಂದಿರುತ್ತದೆ. ಹುಮನಾಬಾದಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಝೆರಾಕ್ಸ್ ಅಂಗಡಿಯಿಂದ ನಾನು ಆ ಪ್ರಿಂಟರನ್ನು ತಂದದ್ದು ಹೀಗೆ. ಅದರ ವಿಶೇಷವೆಂದರೆ ಹೊಟ್ಟೆಯಿಂದ ನಾಲಿಗೆಯಂತೆ ಹೊರಬರುವ ಒಂದು ತಟ್ಟೆ. ಅದರ ಮೇಲೆ ಬಿಳಿ ಮೈಯ ಸಿಡಿಯನ್ನಿಟ್ಟರೆ ಒಳಗೆಳೆದುಕೊಂಡು, ಅದರ ಬೆನ್ನಿನ ಮೇಲೆ ನೇರವಾಗಿ ಚಿತ್ರ, ಅಕ್ಷರ ಎಲ್ಲವನ್ನೂ ಅಚ್ಚು ಹಾಕಿ ಕೊಡುತ್ತದೆ.

ಈ ಕಾಲದಲ್ಲಿ ಸಿಡಿ ಯಾರಿಗೆ ಬೇಕು ಎಂದು ನೀವು ಕೇಳಬಹುದು. ಅದಕ್ಕಿಂತ ಮೊದಲು ಅದರ ಮೇಲೆ ಹೆಸರು ಯಾಕೆ ಬೇಕು ಎಂಬುದನ್ನು ಹೇಳಿಬಿಡುತ್ತೇನೆ. ಬಸವಕಲ್ಯಾಣದಲ್ಲಿ ನನ್ನದು ಸ್ಟೀಲ್ ಪಾತ್ರೆಯ ಅಂಗಡಿ. ಅಪ್ಪ ಬಿಟ್ಟುಹೋದದ್ದಲ್ಲ, ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ನಾರಾಯಣಪುರದ ಓಣಿಗಳಲ್ಲಿ ಹಳೆ ಸೀರೆಗೆ ಹೊಸ ಡಬರಿ ಕೊಡುತ್ತಾ ಶುರು ಮಾಡಿದ್ದು. ಚೌಕಾಸಿಯನ್ನು ನನಗೆ ಕಲಿಸಿದವರು ಆ ಓಣಿಯ ಹೆಣ್ಣುಮಕ್ಕಳೇ. ಹರಿದ ಸೆರಗನ್ನು ಒಳಗೆ ಮಡಚಿ, ‘ನೋಡ್ ತಮ್ಮಾ, ಒಂದ್ ಸಲಾನೂ ಉಟ್ಟಿಲ್ಲ’ ಎನ್ನುವವರೆದುರು ನಾನೆಷ್ಟರವನು? ಇರಲಿ. ನಮ್ಮ ಅಂಗಡಿಯಿಂದ ಮುಯ್ಯಿಗೆಂದು ಹೋಗುವ ಯಾವ ಪಾತ್ರೆಯೂ ಹೆಸರಿಲ್ಲದೆ ಹೋಗುವುದಿಲ್ಲ. ಗುರ್ರೆನ್ನುವ ಸಣ್ಣ ಯಂತ್ರ ಹಿಡಿದು ಕೊಡುವವರ ಹೆಸರನ್ನು ನಾನೇ ಕೆತ್ತುತ್ತೇನೆ. ಒಬ್ಬರು ಅಂಗೈಯಷ್ಟು ಬಟ್ಟಲಿನ ಮೇಲೆ ತಮ್ಮದು, ಹೆಂಡತಿಯದು, ಮಕ್ಕಳದು, ಊರಿನದು ಎಲ್ಲ ಹೆಸರು ಹಾಕಿಸಿ, ಕೊನೆಗೆ ‘ಮಾವನವರದೂ ಹಿಡಿತದೇನ್ರಿ?’ ಎಂದು ಕೇಳಿದ್ದರು. ನಾನು ಹಿಡಿಸಿದೆ. ಇಷ್ಟು ವರ್ಷ ಇದನ್ನೇ ಮಾಡಿದವನಿಗೆ, ಹೆಸರಿಲ್ಲದೆ ಕೊಟ್ಟ ವಸ್ತು ಕೊಟ್ಟಂತೆಯೇ ಅನ್ನಿಸುವುದಿಲ್ಲ.

ಈಗ ಸಿಡಿಯ ಮಾತು. ಕಳೆದ ವರ್ಷ ನನ್ನ ಮಗಳು ಸಂಗೀತಾಳನ್ನು ಹುಮನಾಬಾದಿಗೆ ಕೊಟ್ಟೆವು. ಮದುವೆಯಲ್ಲಿ ಅಳಿಯನ ಅಜ್ಜಿ ನೀಲಮ್ಮಾಯಿ ಬೀಗರ ಹಾಡು ಹಾಡಿದರು. ನಮ್ಮ ಕಡೆ ಬೀಗರನ್ನು ಹಾಡಿನಲ್ಲಿ ಬೈಯುವುದು ಮರ್ಯಾದೆ; ಬೈಯದಿದ್ದರೆ ಏನೋ ಮನಸ್ತಾಪವಿದೆ ಎಂದರ್ಥ. ಘಾಟಬೋರಾಳದಲ್ಲಿ ಹುಟ್ಟಿದ ಆ ಮುದುಕಿಯ ಗಂಟಲಿಗೆ ಮೈಕು ಬೇಕಿರಲಿಲ್ಲ. ಹಾಡು ಶುರುವಾದಾಗ ನಾನು ಮಂಟಪದ ಹಿಂದೆ ಅಡಿಗೆಯವನ ಜೊತೆ ಉಳಿದ ಎಣ್ಣೆಡಬ್ಬಿಯ ಬಗ್ಗೆ ಮಾತಾಡುತ್ತಿದ್ದೆ, ಹಾಗಾಗಿ ಕೇಳಲಾಗಲಿಲ್ಲ. ಹೆಂಗಸರು ನಗುತ್ತಿದ್ದದ್ದು ಮಾತ್ರ ಕೇಳಿಸಿತು. ಅದಾದ ಮೇಲೆ ಆಯಿಗೆ ಗಂಟಲಿನ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ದನಿ ಹೋಯಿತು. ಈಗ ಅವರು ಮಾತಾಡಿದರೆ ಒಣಗಿದ ಜೋಳದೆಲೆಯ ರವದಿ ಸರಿದಾಡಿದಂತೆ ಕೇಳುತ್ತದೆ.

ಮಗಳು ಬಸುರಾದಳು. ಸೀಮಂತದ ಕುಬುಸಕ್ಕೆ ದಿನ ಗೊತ್ತುಮಾಡಲು ಹೋದಾಗ ಆಯಿ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: “ಬಂಡೆಪ್ಪ, ಲಗ್ನದಾಗ ನಾ ಹಾಡಿದ್ದು ತೆಗಿಸೀರಿ ಅಲ್ಲ, ಅದು ನನಗ ಬೇಕು. ಹುಟ್ಟೋ ಕೂಸು ನನ್ನ ದನಿ ಕೇಳಬೇಕು. ಇದಲ್ಲ, ಆ ದನಿ.”

“ಫೋನಿಗೆ ಹಾಕಸ್ತೀನಿ ತಗೋರಿ ಆಯಿ.”

“ಫೋನ್‌ದಾಗ ಬಂದದ್ದು ಫೋನ್‌ದಾಗೇ ಹೋಗ್ತದ. ಕೈಯಾಗ ಹಿಡಿಯಂಥದ್ದು ಕೊಡು. ನಮ್ಮ ಟೀವಿ ಬಾಜೂಕ ಸಿಡಿ ಡಬ್ಬಿ ಅದ ನೋಡು, ಅದರಾಗ ಹಚ್ಚಿದ್ರ ಹಾಡಬೇಕು.”

ನಾನು ಒಪ್ಪಿದೆ. ಒಪ್ಪಿದ್ದು ಮಾತ್ರವಲ್ಲ, ಕುಬುಸಕ್ಕೆ ಬರುವ ಬೀಗರಿಗೆಲ್ಲ ಒಂದೊಂದು ಹಂಚೋಣವೆಂದೂ ಲೆಕ್ಕ ಹಾಕಿದೆ. ಮದುವೆಯ ವಿಡಿಯೋ ತೆಗೆದ ಮೈನೋದ್ದೀನ್ ಆಗಲೇ ನನ್ನ ಪೆನ್‌ಡ್ರೈವಿಗೆ ಎಲ್ಲವನ್ನೂ ಹಾಕಿಕೊಟ್ಟಿದ್ದ. ಅದರಿಂದ ಹಾಡಿನ ಭಾಗವನ್ನಷ್ಟೇ, ಕೇಳುತ್ತ ಕೂರದೆ, ಸಿಡಿಗಳಿಗೆ ಇಳಿಸಿಕೊಂಡೆ. ಪೆನ್‌ಡ್ರೈವು ಸುಮ್ಮನೆ ಬಿದ್ದಿರುವುದೇಕೆ ಎಂದು ಅದನ್ನು ಅಳಿಸಿ, ಅಂಗಡಿಯ ಹೊಸ ಪಾತ್ರೆಗಳ ಫೋಟೋ ತುಂಬಿದೆ. ವಸ್ತು ಎಂದರೆ ದುಡಿಯಬೇಕು, ಇದು ನನ್ನ ಸಿದ್ಧಾಂತ.

ಇನ್ನು ಹೆಸರು. ಅಂಟಿಸುವ ಕಾಗದದ ಚೀಟಿ ಯಂತ್ರದೊಳಗೆ ಬಿಸಿಗೆ ಕಿತ್ತುಬಂದು ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಕೇಳಿದ್ದೆ. ಅದಕ್ಕೇ ನೇರ ಅಚ್ಚಿನ ಪ್ರಿಂಟರು. ಮೊದಲನೆಯ ಸಿಡಿಯನ್ನು ತಟ್ಟೆಯಲ್ಲಿ ಸರಿಯಾಗಿ ಕೂರಿಸಿರಲಿಲ್ಲ. ನನ್ನ ಹೆಸರಿನ ಅರ್ಧ ಸಿಡಿಯ ಅಂಚಿನಾಚೆ ತಟ್ಟೆಯ ಮೇಲೆ ಅಚ್ಚಾಯಿತು, ಉಳಿದರ್ಧ ನಡುವಿನ ತೂತಿನಲ್ಲಿ ಹೋಯಿತು. ಫೋಟೋದ ಮಗಳು ಅಳಿಯ ತಲೆಕೆಳಗಾಗಿ ನಿಂತಿದ್ದರು. ನನ್ನ ಹೆಂಡತಿ ಕಲಾವತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಿಂಡಿ ಡಬ್ಬಿಗಿ ಮುಚ್ಚಳ ಇರಲಿಲ್ಲ, ಬರೋಬ್ಬರಿ ಆಗ್ತದ” ಎಂದು ಒಯ್ದು, ಬೆಳ್ಳುಳ್ಳಿ ಹಾಕಿ ಕುಟ್ಟಿದ ಶೇಂಗಾ ಚಟ್ನಿಪುಡಿಯ ಆ ಹಿಂಡಿ ಡಬ್ಬಿಯ ಮೇಲೆ ಮುಚ್ಚಿ, ಅಡಿಗೆಮನೆಯ ಕತ್ತಲೆ ಗೂಡಿನೊಳಗಿಟ್ಟಳು. ಅಡಿಗೆಯವಳಿಗೆ ಮುಚ್ಚಳದ ನಡುವೆ ತೂತಿದ್ದರೇನು, ಇಲ್ಲದಿದ್ದರೇನು.

ಆಮೇಲೆ ಕೈ ಕುದುರಿತು. ಒಂದೊಂದೂ ಬಂಗಾರದ ಪದಕದಂತೆ ಬಂತು. ಮೇಲೆ ಮದುಮಕ್ಕಳು, ಕೆಳಗೆ ಕಮಾನಿನಂತೆ ಬಾಗಿದ ದಪ್ಪ ಅಕ್ಷರದಲ್ಲಿ ‘ಬಂಡೆಪ್ಪ ಮತ್ತು ಪರಿವಾರ, ಸ್ಟೀಲ್ ಪಾತ್ರೆ ವ್ಯಾಪಾರಿಗಳು, ಬಸವಕಲ್ಯಾಣ’. ನೀಲಮ್ಮಾಯಿಯ ಹೆಸರಿಗೆ ಜಾಗ ಉಳಿಯಲಿಲ್ಲ.

ಒಂದೇ ತೊಂದರೆ, ಶಾಯಿ ಒಣಗುತ್ತಿರಲಿಲ್ಲ. ಶಾಯಿಯಲ್ಲಿಯೂ ನಾನು ಎರಡನೆಯ ಚಪ್ಪಲಿಯವರೆಗೆ ಹೋಗಿದ್ದೆ, ಅದರ ಫಲವಿರಬೇಕು. ಮುಟ್ಟಿದರೆ ಅಳಿಯನ ಮೀಸೆ ಹೆಬ್ಬೆರಳಿಗೆ ಬರುತ್ತಿತ್ತು. ಕುಬುಸಕ್ಕೆ ಇನ್ನೂ ವಾರವಿತ್ತು. ಮಾಳಿಗೆಯ ಮೇಲೆ ಕಲಾವತಿ ಹಳೆ ಸೀರೆ ಹಾಸಿ ಶಂಡಿಗೆ ಹಾಕಿದ್ದಳು, ವೈಶಾಖದ ಬಿಸಿಲು ಬೇರೆ. ಸೀರೆಯ ಇನ್ನೊಂದು ತುದಿಯಲ್ಲಿ ಸಿಡಿಗಳನ್ನು ಹರವಿದೆ.

“ಅವಕ್ಕೇನು ಉಪ್ಪು ಜೀರಿಗಿ ಹಾಕೀರೋ ಇಲ್ಲೋ?” ಎಂದಳು ಕಲಾವತಿ.

“ನೀ ನಿನ್ನ ಶಂಡಿಗಿ ನೋಡ್ಕೋ.”

“ನೋಡಾಕತ್ತೀನಿ. ಒಂದ್ ಮಗ್ಗಲಾ ಒಣಗಿದ್ರ ಸಾಲಂಗಿಲ್ಲ. ತಿರುವಿ ಹಾಕ್ಬೇಕು.”

ಅವಳು ಹೇಳಿದ್ದು ಶಂಡಿಗೆಗೆ. ನಾನು ಸಿಡಿಗಳನ್ನೂ ತಿರುವಿ ಹಾಕಿದೆ. ವಾರವಿಡೀ, ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು. ಶಾಯಿ ಕಲ್ಲಿನಂತೆ ಕೂತಿತು.

ಕುಬುಸದ ದಿನ ಬೀಗರ ಪಡಸಾಲೆಯಲ್ಲಿ ಸಿಡಿ ಹಂಚಿದಾಗ ಎಲ್ಲರೂ ಅದನ್ನು ಬೆಳಕಿಗೆ ಹಿಡಿದು ಹೊಗಳಿದರು. ಆಯಿ ಹೊಸ ಇಳಕಲ್ ಸೀರೆ ಉಟ್ಟು ಟೀವಿಯ ಎದುರೇ ಕೂತಿದ್ದರು. ಬೀಗರಾದ ಶರಣಪ್ಪನವರು ಒಂದು ಸಿಡಿ ಹಚ್ಚಿದರು. ಯಂತ್ರ ಗಿರಗಿರ ತಿರುಗಿ, ಕೆಮ್ಮಿ, ಪರದೆಯ ಮೇಲೆ ‘ಡಿಸ್ಕ್ ಇಲ್ಲ’ ಎಂದು ಬರೆಯಿತು. ಬೇರೆ ಹಚ್ಚಿದರು. ಅದೇ ಮಾತು. ಹಂಚಿದ್ದನ್ನೆಲ್ಲ ವಾಪಸು ಇಸಿದುಕೊಂಡು ಒಂದೊಂದಾಗಿ ಹಚ್ಚಿ ನೋಡಿದೆವು. ಯಂತ್ರ ಮಾತು ಬದಲಿಸಲಿಲ್ಲ.

“ಬೀಗರ, ಹೆಸರೇನೋ ಝಕಾಸ್ ಹಾಕೀರಿ. ಮಾಲು ಅಂಗಡ್ಯಾಗೇ ಬಿಟ್ ಬಂದೀರೇನು?” ಎಂದರು ಶರಣಪ್ಪ. ಎಲ್ಲರೂ ನಕ್ಕರು. ಸಂಗೀತಾ ನಗಲಿಲ್ಲ. ಆಯಿಯೂ ನಗಲಿಲ್ಲ. ಅವರು ತಮ್ಮ ಕೈಯಲ್ಲಿದ್ದ ಸಿಡಿಯನ್ನು ತಟ್ಟೆಯಂತೆ ಅಂಗೈಯಲ್ಲಿಟ್ಟು, ಪಕ್ಕದ ಬಟ್ಟಲಿನಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ಅದರ ಮೇಲಿಟ್ಟು, ನನ್ನ ಕಡೆ ಚಾಚಿದರು.

“ಖಾಲಿ ಭಾಂಡಿ ತಿರುಗಿ ಕೊಡಬಾರದಪ್ಪ,” ಎಂದಿತು ಆ ರವದಿಯ ದನಿ.

ಪಾತ್ರೆ ವ್ಯಾಪಾರಿಗೆ ಇದಕ್ಕಿಂತ ಹೆಚ್ಚು ಯಾರೂ ಹೇಳಬೇಕಾಗಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡೆ. ಸಿಹಿಯಾಗಿಯೇ ಇತ್ತು.

ಬಸವಕಲ್ಯಾಣಕ್ಕೆ ಮರಳಿದವನು ಬಸ್ ಸ್ಟ್ಯಾಂಡಿನಿಂದ ನೇರವಾಗಿ ಮೈನೋದ್ದೀನನ ಅಂಗಡಿಗೆ ಹೋದೆ. ಅವನು ಕೇಳಿ ಹಣೆ ಹಣೆ ಬಡಿದುಕೊಂಡ. “ಯಾ ಅಲ್ಲಾ! ಸಿಡಿ ಏನು ಹಪ್ಪಳಾ ಏನ್ರಿ ಬಂಡೆಪ್ಪಣ್ಣ? ಬರೆಯೋ ಮಗ್ಗಲಾಗ ಬಣ್ಣ ಇರ್ತದ, ಬಿಸಿಲಿಗಿ ಬಟ್ಟಿ ಬಣ್ಣ ಹೋದಂಗ ಹೋಗ್ತದ. ಮ್ಯಾಲ ಸಸ್ತಾ ಮಾಲು, ಸೊಟ್ಟ ಬ್ಯಾರೆ ಆಗ್ಯಾವ.”

“ಇರ್ಲಿ. ನಿನ್ನ ಕಂಪ್ಯೂಟರ್‌ದಾಗಿಂದ ಇನ್ನೊಮ್ಮೆ ತೆಗೆದು ಕೊಡು.”

“ಎಲ್ಲಿಂದ ಕೊಡ್ಲಿ? ‘ಕಾಪಿ ಇಟ್ಕೊಳ್ಳೋ ಖರ್ಚು ಯಾಕ, ಅದನ್ನ ಕಟ್ ಮಾಡು’ ಅಂತ ಇದೇ ಬಾಕಡಾದ ಮ್ಯಾಲ ಕುಂತು ಹಟಾ ಮಾಡಿದ್ರಿ. ಕಟ್ ಮಾಡ್ದೆ.”

ನಾನು ಗೆದ್ದ ಚೌಕಾಸಿಗಳಲ್ಲಿ ಅದೂ ಒಂದು. ಅತಿಥಿಗಳ ಫೋನುಗಳಲ್ಲಿ ಹುಡುಕಿಸಿದೆ. ಮೆರವಣಿಗೆಯ ಕುಣಿತವಿತ್ತು, ಊಟದ ಎಲೆಯಿತ್ತು, ಮುದುಕಿಯ ಹಾಡಿರಲಿಲ್ಲ.

ಮನೆಗೆ ಬಂದು ತಲೆ ಬಗ್ಗಿಸಿ ಊಟಕ್ಕೆ ಕೂತೆ. ಕಲಾವತಿ ರೊಟ್ಟಿ ಹಾಕಿ, ಹಿಂಡಿ ಡಬ್ಬಿ ತಂದು ಮುಂದಿಟ್ಟು, ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತಳು. ನಾನೂ ನೋಡಿದೆ. ಬಿಸಿಲು ಕಾಣದ ಸಿಡಿ ಅದೊಂದೇ.

ಮರುದಿನ ಅದನ್ನು ಹತ್ತಿಬಟ್ಟೆಯಿಂದ ಒರೆಸಿ ಹುಮನಾಬಾದಿಗೆ ಒಯ್ದೆ. ಶರಣಪ್ಪನವರು ಅದರ ಸೊಟ್ಟ ಅಚ್ಚನ್ನು ಎರಡೆರಡು ಸಲ ತಿರುಗಿಸಿ ನೋಡಿ ಯಂತ್ರಕ್ಕೆ ಹಚ್ಚಿದರು. ಯಂತ್ರ ತಿರುಗಿತು. ಪಡಸಾಲೆಯಲ್ಲಿ ಸ್ವಲ್ಪ ಬೆಳ್ಳುಳ್ಳಿಯ ವಾಸನೆ ಬಂತು. ಆಮೇಲೆ ಆ ಗಂಟಲು ಕೇಳಿಸಿತು, ಒಂದೂ ಬಿರುಕಿಲ್ಲದೆ:

ಕಲ್ಯಾಣದ ಬಂಡೆಪ್ಪ ಬಾಳ ಶಾಣ್ಯಾ ಬೀಗವ್ವ,
ಅಕ್ಕಿಕಾಳಿಗೂ ಅರ್ಧ ರೇಟು ಕೇಳ್ಯಾನ.
ತೂಗವ್ವ ತಕ್ಕಡಿ, ತಾಳಿಗೂ ಹಿಡಿ ತಕ್ಕಡಿ,
ಬಂಡೆಪ್ಪ ಬೀಗ ನಿಂತಾನ.

ಹೀಗೆ ಎಷ್ಟೋ ನುಡಿ. ಪ್ರತಿಯೊಂದು ನುಡಿಯಲ್ಲೂ ಬಂಡೆಪ್ಪ. ಆಯಿ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು. ಸಂಗೀತಾ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನನ್ನ ಹೆಸರಿದ್ದ ಸಿಡಿಗಳಲ್ಲಿ ಏನೂ ಉಳಿದಿರಲಿಲ್ಲ. ನನ್ನ ಹೆಸರು ಬೀಳದ ಈ ಒಂದರೊಳಗೆ ಹಾಡು ಮುಗಿಯುವವರೆಗೂ ನನ್ನದೇ ಹೆಸರು. ಮೊಮ್ಮಗುವಿಗೆ ಅಜ್ಜನ ಪರಿಚಯ ಇದರಿಂದಲೇ ಆಗಲಿದೆ.

ನೀವೂ ಮನೆಯಲ್ಲಿ ಸಿಡಿಗೆ ಅಚ್ಚು ಹಾಕುವವರಿದ್ದರೆ ಕೇಳಿ. ಬಿಳಿ ಮೈಯದನ್ನೇ ಕೊಳ್ಳಿ. ಹೊಳೆಯುವುದು ಶಾಯಿ ಹಿಡಿಯುವುದಿಲ್ಲ. ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಒಂದು ದಿನ ಬಿಡಿ. ಅಕ್ಷರವನ್ನು ನಡುವಿನ ತೂತಿನಿಂದ ದೂರವಿಡಿ. ಮೂಲವನ್ನು ಅಳಿಸಬೇಡಿ, ವಿಡಿಯೋದವನಿಗೆ ಕಾಪಿ ಇಟ್ಟುಕೊಳ್ಳಲು ಕೇಳಿದಷ್ಟು ಕೊಡಿ. ಯಾರ ದನಿಯಿದೆಯೋ ಅವರ ಹೆಸರನ್ನು ಮೊದಲು ಹಾಕಿ. ನಿಮ್ಮದು ಒಳಗೆ ಈಗಾಗಲೇ ಇರಬಹುದು, ಒಮ್ಮೆ ಪೂರ್ತಿ ಕೇಳಿ ನೋಡಿ. ಪ್ರಿಂಟರ್ ಬೇಕಿದ್ದರೆ ನನ್ನ ಅಂಗಡಿಗೆ ಬನ್ನಿ, ಸುಸ್ಥಿತಿಯಲ್ಲಿದೆ. ಹೇಳುವುದು ಐದು ಸಾವಿರ. ಹೋಗುವಾಗ ಎರಡನೆಯ ಚಪ್ಪಲಿಯನ್ನು ಸ್ವಲ್ಪ ನಿಧಾನವಾಗಿ ಮೆಟ್ಟಿ.