ಕ್ಯಾಪ್ಸೂಲ್ ಸ್ಲೈಡ್‌ಗಳು ಮಧ್ಯಾಹ್ನದ ಊಟದೊಳಗೆ ಒಣಗತಕ್ಕ ಬಗ್ಗೆ

ಸೂಕ್ಷ್ಮಜೀವಿಶಾಸ್ತ್ರ ಪ್ರಯೋಗಾಲಯ ವಿಭಾಗ
ಪದವಿ ಕಾಲೇಜು, ಕೊಡಗು ಜಿಲ್ಲೆ

ಸಂಖ್ಯೆ: ಸೂಜೀವಿ/ಪ್ರಲ/ಒದ್ದೆ/07
ದಿನಾಂಕ: ಜುಲೈ (ತಾರೀಖಿನ ಮೇಲೆ ಸೂರಿನ ನೀರು ಬಿದ್ದಿದೆ)

ವಿಷಯ: ಪ್ರಾಯೋಗಿಕ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾದ ಕ್ಯಾಪ್ಸೂಲ್ ತೋರಿಸುವ ಸ್ಲೈಡ್‌ಗಳು ಒಣಗದೆ ಅಶಿಸ್ತು ತೋರುತ್ತಿರುವ ಬಗ್ಗೆ.

ಉಲ್ಲೇಖ:
1. ವಿಭಾಗದ ಹಳೆಯ ಕೈಪಿಡಿಯ ವಾಕ್ಯ: "ಸ್ಲೈಡ್ ತಾನಾಗಿ ಒಣಗುವವರೆಗೆ ಕಾಯತಕ್ಕದ್ದು."
2. ಅಂತಿಮ ವರ್ಷದ ವಿದ್ಯಾರ್ಥಿನಿ, ಸಂಪಾಜೆಯ ಕು. ಅಶ್ವಿತಾ ಅವರ ಹೇಳಿಕೆ.
3. ಮಳೆ (ಮುಂದುವರಿದಿದೆ).

ಕೆಲವು ಬ್ಯಾಕ್ಟೀರಿಯಾಗಳು ತಮ್ಮೊಳಗೆ ಸ್ಪೋರ್ ಎಂಬ ಗಟ್ಟಿ ಬೀಜಕವನ್ನು ಕಟ್ಟಿಕೊಳ್ಳುತ್ತವೆ. ಅದು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹಸಿರು ಬಣ್ಣ ಸುರಿದು ಹಬೆಯ ಮೇಲಿಟ್ಟರೆ ಮಾತ್ರ ಆ ಬಣ್ಣ ಹಿಡಿಯುತ್ತದೆ. ಇನ್ನು ಕೆಲವಕ್ಕೆ ಮೈಮೇಲೆ ಕ್ಯಾಪ್ಸೂಲ್ ಎಂಬ ಲೋಳೆ ಹೊದಿಕೆ ಇದ್ದು, ಬೆಂಕಿ ತೋರಿಸಿದರೆ ಮುದುಡಿಹೋಗುತ್ತದೆ. ಆದ್ದರಿಂದ ಅವುಗಳನ್ನು ಕಪ್ಪು ಶಾಯಿಯಲ್ಲಿ ಬೆರೆಸಿ, ಸ್ಲೈಡ್ ಮೇಲೆ ಸವರಿ, ಬರೀ ಗಾಳಿಯಲ್ಲಿ ಒಣಗಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆಯಲ್ಲಿ ಗಾಳಿ ಧಾರಾಳವಾಗಿದ್ದರೂ ಅದೇ ಒದ್ದೆಯಾಗಿರುವುದನ್ನು ವಿಭಾಗವು ಗಂಭೀರವಾಗಿ ಪರಿಗಣಿಸಿದೆ.

ಮೊನ್ನೆಯ ಪರೀಕ್ಷೆಯಲ್ಲಿ ಬಹುತೇಕ ವಿದ್ಯಾರ್ಥಿಗಳು ಸ್ಲೈಡನ್ನು ಬರ್ನರ್‌ಗೆ ಹಿಡಿದು, ಕ್ಯಾಪ್ಸೂಲ್ ಕಾಣದಿದ್ದರೂ ಪುಸ್ತಕದ ಚಿತ್ರವನ್ನೇ ಬರೆದು ತೇರ್ಗಡೆಯಾಗಿರುತ್ತಾರೆ. ಚಿತ್ರಗಳು ಅಚ್ಚುಕಟ್ಟಾಗಿದ್ದವು. ಕು. ಅಶ್ವಿತಾ ಮಾತ್ರ ಹಾಲ್ ಟಿಕೆಟ್‌ನಿಂದ ಗಾಳಿ ಬೀಸುತ್ತಾ ಕುಳಿತು, ವೇಳೆ ಮುಗಿದರೂ ಒದ್ದೆ ಸ್ಲೈಡನ್ನೇ ಇಟ್ಟುಕೊಂಡಿರುತ್ತಾರೆ. ಕಾರಣ ಕೇಳಲಾಗಿ, "ಎಂಥ ಮಾಡೋದು ಸರ್, ಬೆಂಕಿ ತೋರಿಸಿದ್ರೆ ಕ್ಯಾಪ್ಸೂಲೇ ಹೋಗ್ತದಲ್ಲ? ನಾನು ಇಲ್ಲೇ ಕೂತಿರ್ತೇನೆ, ನೀವು ಬೇಕಾದ್ರೆ ಊಟ ಮಾಡಿ ಬನ್ನಿ" ಎಂದಿರುತ್ತಾರೆ. ಅಮ್ಮತ್ತಿಯ ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿದ್ದು, ಈ ಅಂಕ ಬಾರದಿದ್ದರೆ ಅದು ಕೈತಪ್ಪಲಿದೆ. ಈ ಬಗ್ಗೆ ವಿಭಾಗಕ್ಕೆ ವಿಷಾದವಿದೆ. ವಿಷಾದವನ್ನು ಕಡತದಲ್ಲಿ ಇರಿಸಲಾಗಿದೆ.

ಆದ ಪ್ರಯುಕ್ತ ಸಂಬಂಧಪಟ್ಟ ಸಿಬ್ಬಂದಿ, ವಿದ್ಯಾರ್ಥಿ ಹಾಗೂ ಸ್ಲೈಡ್‌ಗಳಿಗೆ ಈ ಕೆಳಕಂಡಂತೆ ಆದೇಶಿಸಿದೆ:

1. ಎಲ್ಲ ಕ್ಯಾಪ್ಸೂಲ್ ಸ್ಲೈಡ್‌ಗಳೂ ಮಧ್ಯಾಹ್ನದ ಊಟದ ಗಂಟೆಯೊಳಗೆ ಒಣಗತಕ್ಕದ್ದು. ಒಣಗದ ಸ್ಲೈಡ್‌ಗೆ ಶೂನ್ಯ ಅಂಕ. ಕು. ಅಶ್ವಿತಾ ಅವರ ಫಲಿತಾಂಶವನ್ನು ತಡೆಹಿಡಿದಿದ್ದು, ಈ ಸುತ್ತೋಲೆ ಜಾರಿಗೆ ಬಂದ ಕೂಡಲೇ ಅವರಿಗೂ ಶೂನ್ಯ ನೀಡಲಾಗುವುದು.

2. ಪ್ರಯೋಗದ ಶಾಯಿ ತಗುಲಿದ ಯಾವುದೇ ವಸ್ತುವನ್ನು, ಅದು ಸ್ಲೈಡ್ ಇರಲಿ, ಕಾಗದ ಇರಲಿ, ಬೆಂಕಿಗೆ ಹಿಡಿಯುವಂತಿಲ್ಲ.

3. ಸ್ಪೋರ್ ಪ್ರಯೋಗಕ್ಕೆಂದು ಕುದಿಯಲಿಟ್ಟ ನೀರಿನ ಸುತ್ತ ಬೋಧಕರು ಕೈ ಕಾಸಿಕೊಳ್ಳುವುದನ್ನು ಸೇವಾ ಹಿರಿತನದ ಮೇರೆಗೆ ಮಾತ್ರ ಅನುಮತಿಸಿದೆ. ಅದರ ಮೇಲೆ ಸಾಕ್ಸ್ ಒಣಗಿಸುವಂತಿಲ್ಲ. ಅಟೆಂಡರ್ ಪೊನ್ನಪ್ಪನವರ ಒಂದು ಸಾಕ್ಸ್ ಹಬೆಯಲ್ಲಿ ಹಸಿರು ಬಣ್ಣ ಹಿಡಿದು ಎಷ್ಟು ತೊಳೆದರೂ ಬಿಡದಿರುವುದರಿಂದ, ಸ್ಪೋರ್ ಹೇಗೆ ಬಣ್ಣ ಉಳಿಸಿಕೊಳ್ಳುತ್ತದೆ ಎಂಬುದನ್ನು ಪ್ರಥಮ ವರ್ಷದವರಿಗೆ ತೋರಿಸಲು ಅದನ್ನು ಇರಿಸಿಕೊಳ್ಳಲಾಗಿದೆ. ಅವರು ಉಳಿದ ಒಂದರಲ್ಲಿ ಕರ್ತವ್ಯ ನಿರ್ವಹಿಸತಕ್ಕದ್ದು.

4. ಕುಶಾಲನಗರದಲ್ಲಿ ಮಳೆ ಕಡಿಮೆ ಎಂಬ ನೆಪದಲ್ಲಿ ಅಲ್ಲಿಯ ಕು. ರಂಜಿತಾ ಗೆಳತಿಯರ ಸ್ಲೈಡ್‌ಗಳನ್ನು ಟಿಫನ್ ಬಾಕ್ಸ್‌ನಲ್ಲಿ ಬಸ್ ಹತ್ತಿಸಿ ಮನೆಗೆ ಒಯ್ದಿರುವುದು ಕಂಡುಬಂದಿದೆ. ಅವರ ತಾಯಿ ಕಾಮಾಕ್ಷಮ್ಮನವರು ಅವನ್ನು ಹಪ್ಪಳದ ಸಾಲಿನಲ್ಲೇ ಹರವಿದ್ದು, "ಎರಡೂ ತೆಳ್ಳಗೇ ಇದ್ವು, ಎರಡನ್ನೂ ತಿರುಗ್ಸಿ ಹಾಕಿದೀನಿ" ಎಂದು ಒಪ್ಪಿಕೊಂಡಿರುತ್ತಾರೆ. ಇನ್ನು ಮುಂದೆ ಒದ್ದೆಯಾದ ಏನನ್ನೂ ಒಣಗಿಸುವ ಉದ್ದೇಶದಿಂದ ಕಾಲೇಜಿನ ಗೇಟು ದಾಟಿಸುವಂತಿಲ್ಲ. ವಶಪಡಿಸಿಕೊಂಡ ಹಪ್ಪಳಗಳಲ್ಲಿ ಕ್ಯಾಪ್ಸೂಲ್ ಪತ್ತೆಯಾಗಿಲ್ಲ.

5. ಫ್ಯಾನ್ ಬಳಸಲು ಲಿಖಿತ ಅನುಮತಿ ಪಡೆಯಬೇಕು. ಕರೆಂಟ್ ಇಲ್ಲದಾಗ ಸಲ್ಲಿಸಿದ ಅರ್ಜಿಗಳನ್ನು ಕರೆಂಟ್ ಬಂದ ಮೇಲೆ, ಕರೆಂಟ್ ಇದ್ದಾಗ ಸಲ್ಲಿಸಿದವುಗಳನ್ನು ಅದು ಹೋದ ಮೇಲೆ ಪರಿಶೀಲಿಸಲಾಗುವುದು. ಬಾಯಿಯಿಂದ ಊದುವಂತಿಲ್ಲ. ಊದಿದವರ ಬಾಯಿಯ ಬ್ಯಾಕ್ಟೀರಿಯಾಗಳು ಪರೀಕ್ಷಾ ಶುಲ್ಕ ಕಟ್ಟಿರುವುದಿಲ್ಲ.

6. ನಿಯಮ ಎಲ್ಲರಿಗೂ ಒಂದೇ. ಅದರಂತೆ ಈ ಸುತ್ತೋಲೆಯೂ ಕೆಳಗಿನ ಸಹಿ ಪೂರ್ತಿ ಒಣಗಿದ ಕ್ಷಣದಿಂದ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಉಲ್ಲೇಖ 1ರ ಹಳೆಯ ಕೈಪಿಡಿಯೇ ಊರ್ಜಿತ.

ಸಹಿ/- (ಒದ್ದೆ ಇದೆ, ಮುಟ್ಟಬಾರದು)
ವಿಭಾಗದ ಮುಖ್ಯಸ್ಥರು

ಷರಾ: ಕಚೇರಿಯ ಪೆನ್ನು ಬರೆಯದ ಕಾರಣ ಪ್ರಯೋಗದ ಶಾಯಿಯಲ್ಲೇ ಸಹಿ ಮಾಡಲಾಗಿದೆ. ಆದ್ದರಿಂದ ಇದನ್ನು ಕಲಂ 2ರಂತೆ ಬೆಂಕಿಗೆ ಹಿಡಿಯಲು, ಕಲಂ 4ರಂತೆ ಕುಶಾಲನಗರಕ್ಕೆ ಕಳುಹಿಸಲು, ಕಲಂ 5ರಂತೆ ಊದಲು ಅವಕಾಶವಿರುವುದಿಲ್ಲ. ಫ್ಯಾನಿಗಾಗಿ ಮುಖ್ಯಸ್ಥರು ತಮಗೆ ತಾವೇ ಸಲ್ಲಿಸಿದ ಅರ್ಜಿ ಪರಿಶೀಲನೆಯಲ್ಲಿದೆ.

ಪ್ರತಿಗಳು:
1. ಪ್ರಾಂಶುಪಾಲರಿಗೆ, ಒಣಗಿದ ನಂತರ.
2. ಅಟೆಂಡರ್ ಪೊನ್ನಪ್ಪನವರಿಗೆ, ಸೂಚನಾ ಫಲಕದ ಮುಂದೆ ಹಿಡಿದುಕೊಂಡು ನಿಲ್ಲುವ ಸಲುವಾಗಿ (ಗೋಂದು ಸಹ ಒಣಗುತ್ತಿಲ್ಲ).
3. ಶ್ರೀಮತಿ ಕಾಮಾಕ್ಷಮ್ಮ, ಕುಶಾಲನಗರ, ಇವರಿಗೆ, ಉಳಿದ ಹಪ್ಪಳಗಳೊಂದಿಗೆ.
4. ಕು. ಅಶ್ವಿತಾ, ಸಂಪಾಜೆ, ಇವರಿಗೆ. ಹಳೆಯ ಕೈಪಿಡಿಯಂತೆ ತಾವು ಇನ್ನೂ ಪರೀಕ್ಷೆಯಲ್ಲಿಯೇ ಇದ್ದಿರಿ. ತಮ್ಮ ಸ್ಲೈಡ್ ನಿನ್ನೆ ಸಂಜೆ ಒಣಗಿದ್ದು, ಕಪ್ಪು ಶಾಯಿಯ ನಡುವೆ ಕ್ಯಾಪ್ಸೂಲ್ ಬೆಳ್ಳಗೆ, ಸ್ಪಷ್ಟವಾಗಿ ಕಂಡಿದೆ. ಈ ವರ್ಷ ವಿಭಾಗದವರು ನಿಜವಾಗಿ ನೋಡಿದ ಕ್ಯಾಪ್ಸೂಲ್ ಅದೊಂದೇ. ಪೂರ್ಣ ಅಂಕ ನೀಡಿದೆ. ಮೇಲಿನ ಸಹಿ ಒಣಗುವುದರೊಳಗೆ ಅಂಕಪಟ್ಟಿ ಪಡೆದುಕೊಂಡು ಅಮ್ಮತ್ತಿಗೆ ಹೊರಡತಕ್ಕದ್ದು.