ಈರುಳ್ಳಿ ಸಿಪ್ಪೆ ಬಣ್ಣದ ಪತಂಗ

ಜನರನ್ನು ತಾತ್ಸಾರದಿಂದ ನೋಡುವುದು ಒಳ್ಳೆಯ ಗುಣವಲ್ಲ ಎನ್ನುತ್ತಾರೆ. ಹಾಗೆನ್ನುವವರು ನಮ್ಮ ಬ್ಯಾಂಕಿನಲ್ಲಿ ಒಂದು ದಿನ ಕೂತು ನೋಡಬೇಕಿತ್ತು. ಒಬ್ಬ ಅಂಚೆಚೀಟಿ ಕೂಡಿಡುತ್ತಿದ್ದ, ಇನ್ನೊಬ್ಬ ಬೆಂಕಿಪೊಟ್ಟಣದ ಲೇಬಲ್ಲು. ದಂಡಪಿಂಡಗಳು! ನಾನು ಪತಂಗ ಹಿಡಿಯುತ್ತಿದ್ದೆ; ಅದು ವಿಜ್ಞಾನ. ಮನೆಯಲ್ಲಿ ನನ್ನ ತಾತ್ಸಾರದ ದೊಡ್ಡ ಪಾಲು ಹೆಂಡತಿ ಲಲಿತಾಳಿಗೆ. ಸೀರೆಗೆ ಮ್ಯಾಚಿಂಗ್ ರವಿಕೆ ಬಟ್ಟೆ ಹುಡುಕುತ್ತ ಮೈಲಾಪುರದ ಅಂಗಡಿಗಳನ್ನೆಲ್ಲ ನನ್ನಿಂದ ಸುತ್ತಿಸುತ್ತಿದ್ದಳು. "ಕೆಂಪು ಅಂದ್ರೆ ಕೆಂಪು. ಅದರಲ್ಲೇನು ಹದಿನಾರು ಬಗೆ?" ಎಂದು ಹಂಗಿಸುತ್ತಿದ್ದೆ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಹಿತ್ತಲಿನ ಕಣಗಿಲೆ ಗಿಡದಲ್ಲಿ ಒಂದು ಪತಂಗ ಸಿಕ್ಕಿತು. ಕಣಗಿಲೆ ಪತಂಗಗಳು ಮದರಾಸಿನಲ್ಲಿ ಬೇಕಾದಷ್ಟಿವೆ, ಎಲ್ಲವೂ ಹಸಿರು. ಇದರಲ್ಲಿ ಹಸಿರಿನ ಸುಳಿವೇ ಇಲ್ಲ! ಸೂಜಿ ಚುಚ್ಚಿ ಡಬ್ಬಿಯಲ್ಲಿಟ್ಟು, ಅಡ್ಯಾರಿನ ಪ್ರಾಣಿಶಾಸ್ತ್ರದ ಪ್ರೊಫೆಸರರಿಗೆ ಕಾಗದ ಹಾಕಿದೆ. ಆನೆಯನ್ನು ತೋರಿಸಿದರೂ "ಕಾಮನ್" ಎನ್ನುವ ಮನುಷ್ಯ. ಭಾನುವಾರ ಬರುತ್ತೇನೆ, ಬಣ್ಣ ನಿಜವಾಗಿ ಹೊಸದಾದರೆ ವಿಜ್ಞಾನ ಪತ್ರಿಕೆಗೆ ಬರೆದು ನಿಮ್ಮ ಹೆಸರನ್ನೂ ಹಾಕುತ್ತೇನೆ ಎಂದು ಉತ್ತರಿಸಿದರು. ನನ್ನ ಹೆಸರು ಅಚ್ಚಿನಲ್ಲಿ! ಎರಡು ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಡಬ್ಬಿ ತೆರೆದರೆ ರೆಕ್ಕೆಗಳು ಬೋಳು. ಬಣ್ಣದ ಪುಡಿಯೆಲ್ಲ ಮಾಯ.

"ಯಾಕ್ರೀ ಅಷ್ಟು ಗಾಬರಿ? ನಿನ್ನೆ ಮ್ಯಾಚಿಂಗಿಗೆ ತಗೊಂಡು ಹೋಗಿದ್ದೆ," ಎಂದಳು ಲಲಿತಾ. "ನನ್ನ ಹಸಿರು ಸೀರೆಗೆ ಆ ಬಣ್ಣದ ರವಿಕೆ ಚೆನ್ನಾಗಿ ಒಪ್ಪುತ್ತೆ ಅನ್ನಿಸ್ತು. ಅಂಗಡಿಯವನು, 'ಮುಟ್ಟಿ ನೋಡಿದ್ರೇ ತಿಳಿಯೋದು ಮಾಮಿ' ಅಂತ ಎರಡು ಬೆರಳಲ್ಲಿ ಉಜ್ಜಿ ನೋಡಿದ."

ಅವನಿಗೆ ಪತಂಗವೂ ಒಂದೇ, ಪಾಪ್ಲಿನ್ನೂ ಒಂದೇ! ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರರು ಬಂದೇಬಿಟ್ಟರು. ಡಬ್ಬಿಯೊಳಗೆ ಇಣುಕಿ ಮೂಗು ಮುರಿದರು.

"ಬೋಳು ರೆಕ್ಕೆಯಲ್ಲಿ ಏನು ನೋಡ್ಲಿ ಸಾರ್? ಬಣ್ಣ ಹೇಗಿತ್ತು, ಕರೆಕ್ಟಾಗಿ ಹೇಳಿ."

"ಕೆಂಪು... ಅಂದ್ರೆ ಕಂದು. ಒಂಥರಾ ಕೆಂಪು," ಎಂದೆ. ನನ್ನ ನೋಟ್‌ಬುಕ್ಕಿನಲ್ಲೂ ಅಷ್ಟೇ ಬರೆದಿದ್ದೆ. ನಾಚಿಕೆಯಾಯಿತು.

ಲಲಿತಾ ಕಾಫಿ ಇಟ್ಟು, ಹೊಸ ರವಿಕೆ ಬಟ್ಟೆಯನ್ನು ಬಿಡಿಸಿ ಹಿಡಿದಳು. "ಈರುಳ್ಳಿ ಸಿಪ್ಪೆ ಬಣ್ಣ ಸಾರ್, ಇದೇ. ರೆಕ್ಕೆ ಅಂಚಿಗೆ ಹೋಗ್ತಾ ಸ್ವಲ್ಪ ಬೂದಿ ಹೊಡೆಯುತ್ತೆ. ನಡುವಿನ ಪಟ್ಟೆ ಇದಕ್ಕಿಂತ ಒಂದು ಶೇಡ್ ತಿಳಿ."

ಪ್ರೊಫೆಸರರು ಒಂದಕ್ಷರ ಬಿಡದೆ ಬರೆದುಕೊಂಡರು. ಬಟ್ಟೆಯ ಚೂರೊಂದನ್ನೂ ಕೇಳಿ ಕತ್ತರಿಸಿಕೊಂಡರು. ಕೊನೆಗೆ "ಗುರುತಿಸಿದವರು" ಎಂಬಲ್ಲಿ ಅವಳ ಹೆಸರು ಬರೆದು, ನನ್ನ ಕಡೆ ತಿರುಗಿ, "ಇವರ ಇನಿಷಿಯಲ್ ಏನು ಸಾರ್?" ಎಂದರು. ಮದರಾಸಿನಲ್ಲಿ ಹೆಂಡತಿಯ ಹೆಸರಿನ ಮುಂದೆ ಗಂಡನ ಹೆಸರಿನ ಮೊದಲಕ್ಷರ ಹಾಕುವುದು ರೂಢಿ. ಹೀಗೆ ವಾಸುದೇವ ಎಂಬ ನಾನು "ವಿ" ಎಂಬ ಒಂದೇ ಅಕ್ಷರವಾಗಿ, ಲಲಿತಾಳ ಮುಂದೆ ನಿಂತು, ವಿಜ್ಞಾನದೊಳಗೆ ಪ್ರವೇಶಿಸಿದೆ.